ಶನಿವಾರದ ತೋಳು

ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಈ ಭೂಮಿಯ ಮೇಲಿನ ಅತ್ಯಂತ ಗುರುತರವಾದ ಹೊಣೆ. ನಮ್ಮ ಕಾಲೇಜಿನಲ್ಲಿ ಆ ಹೊಣೆ ನನ್ನ ಹೆಗಲಿಗೆ ಬಿದ್ದದ್ದು, ಸಭೆ ನಡೆದ ದಿನ ನಾನು ಹಲ್ಲುನೋವಿನಿಂದ ರಜೆಯಲ್ಲಿದ್ದೆ ಎಂಬ ಕಾರಣಕ್ಕೆ.

ಕೆಲಸ ಇಷ್ಟು: ಕ್ರಿಕೆಟ್ ಋತು ನಡೆಯುತ್ತಿರುವಾಗಲೇ ಕಾಲೇಜು ತಂಡದ ಬೌಲರುಗಳನ್ನು ವಾರವಾರ ನೋಡಿ, ಯಾರು ಏರುತ್ತಿದ್ದಾರೆ, ಯಾರು ಇಳಿಯುತ್ತಿದ್ದಾರೆ, ಯಾರನ್ನು ಕೂರಿಸಬೇಕು ಎಂದು ಹೇಳುವುದು. ಒಮಾನಿನ ಸೀಬ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಕ್ರೀಡಾಧಿಕಾರಿಯಾಗಿದ್ದ ನಾನು ನಿವೃತ್ತನಾಗುವ ತನಕ ಅದನ್ನು ಮಾಡಿದೆ. ಈಗ ಈ ಕೆಲಸಕ್ಕೆ ಬರುವ ಹುಡುಗರು ಫೋನ್ ಮಾಡಿ, "ಸರ್, ಯಾವ ಆ್ಯಪ್ ಒಳ್ಳೆಯದು?" ಎಂದು ಕೇಳುತ್ತಾರೆ. ಅವರಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಓದಿ ಮುಗಿಸಿದ ಮೇಲೂ ಯಾವ ಆ್ಯಪ್ ಎಂದು ಗೊತ್ತಾಗುವುದಿಲ್ಲ. ಮೊದಲೇ ಹೇಳಿಬಿಡುವುದು ಮರ್ಯಾದೆ. ನನ್ನ ಬಡ್ತಿಯ ವಿಷಯವನ್ನೂ ಬರೆಯುವುದಿಲ್ಲ. ಒಂದೇ ಒಂದು ಸಿಕ್ಕಿತ್ತು, ಅದರ ಜೊತೆಗೆ ಬಂದ ಕುರ್ಚಿಯ ಒಂದು ಕಾಲು ಗಿಡ್ಡವಿತ್ತು.

ನಮ್ಮ ಮೈದಾನದಲ್ಲಿ ಹುಲ್ಲು ಇರಲಿಲ್ಲ. ಕಂದು ಮಣ್ಣು, ನಡುವೆ ಸಿಮೆಂಟಿನ ಪಟ್ಟಿ, ಅದರ ಮೇಲೆ ಹಾಸುವ ನಾರಿನ ಮ್ಯಾಟು. ಚಳಿಗಾಲದ ಬೆಳಗ್ಗೆ ಸಮುದ್ರದ ಕಡೆಯಿಂದ ಬರುವ ಮಬ್ಬು ಮೊದಲು ಬೌಂಡರಿಯನ್ನು ನುಂಗಿ, ಆಮೇಲೆ ಫೀಲ್ಡರುಗಳನ್ನು ಒಬ್ಬೊಬ್ಬರಾಗಿ ನುಂಗುತ್ತಿತ್ತು. ಬೌಲರ್ ಓಡಲು ಶುರುಮಾಡುವಾಗ ಆ ಬಿಳುಪಿನಲ್ಲಿ ಒಂದು ಬೂದು ಕಲೆ ಅಷ್ಟೇ. ಹತ್ತಿರ ಬಂದಂತೆ ಅದಕ್ಕೆ ಕೈಕಾಲು ಮೂಡಿ, ಕೊನೆಗೆ ಮುಖ ಮೂಡಿ, ಮುಖ ಯಾರದೆಂದು ತಿಳಿಯುವ ಹೊತ್ತಿಗೆ ಚೆಂಡು ಕೈ ಬಿಟ್ಟಿರುತ್ತಿತ್ತು. ಮಬ್ಬು ಕರಗಿದ ಮೇಲೆ ವಿಮಾನಗಳ ಸರದಿ. ನಿಲ್ದಾಣಕ್ಕೆ ಇಳಿಯುವ ವಿಮಾನ ಚಕ್ರ ಚಾಚಿಕೊಂಡು ನಮ್ಮ ತಲೆಯ ಮೇಲೆಯೇ ಹೋಗುತ್ತಿತ್ತು. ಅದರ ನೆರಳು ಮ್ಯಾಟನ್ನು ದಾಟುವಾಗ ಬ್ಯಾಟ್ಸ್‌ಮನ್ ಕೈ ಎತ್ತಿ ಆಟ ನಿಲ್ಲಿಸುತ್ತಿದ್ದ. ಮಾತು ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ನಿಂತಲ್ಲೇ ನಿಂತು ಆಕಾಶ ನೋಡುತ್ತಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಈಗಲೂ ನನ್ನ ಕನಸಿಗೆ ಬರುವುದು ಆ ನಿಂತ ಹೊತ್ತು ಮಾತ್ರ. ಆಟ ಬರುವುದಿಲ್ಲ, ಸ್ಕೋರೂ ಬರುವುದಿಲ್ಲ.

ಬೌಲರನನ್ನು ನಾನು ಕಿವಿಯಿಂದ ಅಳೆಯುತ್ತಿದ್ದೆ. ಒಳ್ಳೆಯ ಜಾಗದಲ್ಲಿ ಬಿದ್ದ ಚೆಂಡು ಮ್ಯಾಟಿನ ಮೇಲೆ ದಿಂಬಿಗೆ ಗುದ್ದಿದ ಹಾಗೆ ಸದ್ದು ಮಾಡುತ್ತದೆ. ಅರ್ಧಕ್ಕೇ ಬಿದ್ದದ್ದು ಕೆಳಗಿನ ಸಿಮೆಂಟನ್ನು ಎಬ್ಬಿಸುತ್ತದೆ. ಸುಸ್ತಾದ ಬೌಲರನ ಎದುರುಗಾಲು ನೆಲಕ್ಕೆ ತಡವಾಗಿ ತಾಗುತ್ತದೆ. ಅದು ಅವನಿಗೆ ಗೊತ್ತಾಗುವ ಮೊದಲೇ ನನಗೆ ಕೇಳಿಸುತ್ತಿತ್ತು. ಹಾಗಾಗಿ ಗಾಫ್ ಮರದ ಕೆಳಗೆ ಕುರ್ಚಿ ಹಾಕಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ನಮ್ಮ ಕ್ಯಾಪ್ಟನ್ ನಿಶಾಂತ್, ಉಡುಪಿ ಕಡೆಯ ಹುಡುಗ, ವಿಕೆಟ್ ಹಿಂದೆ ನಿಂತೇ ಕೂಗುತ್ತಿದ್ದ:

"ಸರ್, ನಿದ್ದೆಯಾ?"

"ಮೌಲ್ಯಮಾಪನ."

"ಗೊರಕೆ ಕೇಳ್ತಾ ಉಂಟಲ್ಲ ಸರ್?"

"ಅದು ಷರಾ."

ಈ ಪದ್ಧತಿ ನಮ್ಮ ಡೀನ್ ಡಾಕ್ಟರ್ ಸಾಲಿಂ ಅವರಿಗೆ ಸಮಾಧಾನ ತರಲಿಲ್ಲ. ಅವರು ಒಮಾನಿ, ಬಹಳ ಸಭ್ಯರು. ಕಹ್ವಾ ಕುಡಿಸಿ, ಖರ್ಜೂರ ತಿನ್ನಿಸಿ, ಮನೆಮಂದಿಯ ಕ್ಷೇಮವನ್ನೆಲ್ಲ ವಿಚಾರಿಸಿ, ಆಮೇಲಷ್ಟೇ ಬೈಯುವವರು. "ಉಸ್ತಾದ್, ನಿಮ್ಮ ಕಿವಿಯನ್ನು ನಾನು ನಂಬುತ್ತೇನೆ. ಆದರೆ ಅದನ್ನು ಮಾನ್ಯತೆ ಸಮಿತಿಯ ಮುಂದೆ ಇಡಲಿಕ್ಕೆ ಆಗುವುದಿಲ್ಲ" ಎಂದರು. ಮರುತಿಂಗಳು ಚೆಂಡಿನ ವೇಗ ಅಳೆಯುವ, ಬಂದೂಕಿನ ಆಕಾರದ ಯಂತ್ರವೊಂದು ಬಂತು.

ಯಂತ್ರ ಪ್ರಾಮಾಣಿಕವಾದದ್ದು. ಎದುರಿಗೆ ಏನು ಓಡಿದರೂ ಅಳೆಯುತ್ತಿತ್ತು. ಮೈದಾನದ ಆ ಬದಿಗೆ ಸರ್ವೀಸ್ ರಸ್ತೆ. ನಮ್ಮ ಲೆಗ್ ಸ್ಪಿನ್ನರ್, ಚೆಂಡು ಬಿಟ್ಟ ಮೇಲೆ ಅದು ತಲುಪುವಷ್ಟರಲ್ಲಿ ಕನ್ನಡಕ ಒರೆಸಿಕೊಳ್ಳುವಷ್ಟು ಪುರುಸೊತ್ತಿನ ಬೌಲರ್, ಒಂದು ದಿನ ಗಂಟೆಗೆ ನೂರ ಹದಿನೆಂಟು ಕಿಲೋಮೀಟರ್ ವೇಗದಲ್ಲಿ ಹಾಕಿದನೆಂದು ದಾಖಲಾಯಿತು. ಅದೇ ಹೊತ್ತಿಗೆ ಆಡುಗಳನ್ನು ತುಂಬಿಕೊಂಡ ಪಿಕಪ್ಪೊಂದು ಆ ರಸ್ತೆಯಲ್ಲಿ ಹೋದದ್ದನ್ನು ನಾವೆಲ್ಲ ಕಂಡಿದ್ದೆವು. ವಿವರಿಸಲು ಹೋಗುವಷ್ಟರಲ್ಲಿ ಡೀನ್ ಸಾಹೇಬರು ಹುಡುಗನಿಗೆ ಪ್ರಶಸ್ತಿಪತ್ರಕ್ಕೆ ಸಹಿ ಹಾಕಿಯಾಗಿತ್ತು. ಆಡುಗಳಿಗೆ ಏನೂ ಸಿಗಲಿಲ್ಲ.

ಆಮೇಲೆ ಬಂದದ್ದು ಬಣ್ಣ. ಪ್ರತಿ ಶನಿವಾರದ ಪಂದ್ಯ ಮುಗಿದ ಮೇಲೆ ಪ್ರತಿ ಬೌಲರನಿಗೂ ಒಂದು ಬಣ್ಣ ಕೊಡಬೇಕು: ಹಸಿರು, ಹಳದಿ, ಕೆಂಪು. ಸತತ ಎರಡು ಕೆಂಪು ಬಿದ್ದರೆ ಆ ಹುಡುಗ ಋತು ಮುಗಿಯುವ ತನಕ ತಂಡದಿಂದ ಹೊರಗೆ. ಈ ವಿಧಾನ ಸುಲಭ, ಸ್ಪಷ್ಟ, ನ್ಯಾಯಸಮ್ಮತ. ಇರ್ಫಾನನ ತನಕ ನನಗೂ ಹಾಗೆಯೇ ಅನಿಸಿತ್ತು.

ಇರ್ಫಾನ್ ನಮ್ಮ ಮುಖ್ಯ ವೇಗದ ಬೌಲರ್. ಬಂಟ್ವಾಳ ಕಡೆಯ ಬ್ಯಾರಿ ಮನೆತನ. ತಂದೆ ಹಮೀದ್ ಸುವೈಕ್‌ನಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡು ಅದರ ಹಿಂದಿನ ಕೋಣೆಯಲ್ಲೇ ಇದ್ದರು. ತಾಯಿ, ತಂಗಿ ಊರಲ್ಲಿ. ಹುಡುಗ ನಮ್ಮ ಹಾಸ್ಟೆಲಿನಲ್ಲಿ. ಕೇಳಿದ್ದಕ್ಕೆಲ್ಲ "ಐ ಆಮ್ ಫೈನ್ ಸರ್" ಎಂಬ ಒಂದೇ ಉತ್ತರ. ಋತುವಿನ ಆರಂಭದಲ್ಲಿ ಅವನ ತೋಳು ಗಡಿಯಾರದ ಹನ್ನೆರಡರಲ್ಲಿ ಇರುತ್ತಿತ್ತು. ಕಿವಿಗೆ ತಾಗಿಕೊಂಡು ನೆಟ್ಟಗೆ ಏರಿ, ಮಬ್ಬನ್ನು ಸೀಳಿಕೊಂಡು ಇಳಿಯುತ್ತಿತ್ತು. ನೋಡಲಿಕ್ಕಾಗಿ ನಾನು ಕಣ್ಣು ತೆರೆಯುತ್ತಿದ್ದ ಬೌಲರ್ ಅವನೊಬ್ಬನೇ.

ಜನವರಿಯ ಹೊತ್ತಿಗೆ ಆ ತೋಳು ಒಂದಕ್ಕೆ ಇಳಿಯಿತು. ಆಮೇಲೆ ಎರಡಕ್ಕೆ. ವಿಚಿತ್ರವೆಂದರೆ ಬುಧವಾರ ನೆಟ್‌ನಲ್ಲಿ ನೋಡಿದರೆ ಮತ್ತೆ ಹನ್ನೆರಡರ ಹತ್ತಿರ ಇರುತ್ತಿತ್ತು. ಶನಿವಾರ ಪಂದ್ಯಕ್ಕೆ ಬಂದಾಗ ಎರಡೂವರೆ. ಬುಧವಾರದ ಹುಡುಗ ಸ್ಟಂಪು ಹಾರಿಸುತ್ತಿದ್ದ, ಶನಿವಾರದ ಹುಡುಗ ಲೆಗ್‌ಸೈಡಿನ ಫೀಲ್ಡರುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದ. ಹಳದಿ ಕೊಟ್ಟೆ, ಮತ್ತೆ ಹಳದಿ ಕೊಟ್ಟೆ, ಕೊನೆಗೆ ಒಂದು ಕೆಂಪು ಕೊಡಲೇಬೇಕಾಯಿತು.

ತಜ್ಞರಿಗೆ ಕೊರತೆ ಇರಲಿಲ್ಲ. ಫಿಸಿಯೋ ರಬ್ಬರ್ ಪಟ್ಟಿ ಕೊಟ್ಟು ಎಳೆಸಿದ. ಡೀನ್ ಸಾಹೇಬರು ಹಾಸ್ಟೆಲಿನ ದಿಂಬು ಬದಲಾಯಿಸಿದರು. ನಿಶಾಂತ್ ಗುಟ್ಟಾಗಿ ಬಂದು, "ಲವ್ ಸರ್. ಗುರುವಾರ ಸಂಜೆ ಬ್ಯಾಗ್ ಹಾಕ್ಕೊಂಡು ಎಲ್ಲಿಗೋ ಹೋಗ್ತಾನೆ, ಶುಕ್ರವಾರ ಸಂಜೆ ಬರ್ತಾನೆ. ಮುಖ ನೋಡಿ, ಎಷ್ಟು ಖುಷಿ" ಎಂದ. ನನಗೆ ಫಿಸಿಯೋನ ವಿವರಣೆಗಿಂತ ಇದೇ ಹೆಚ್ಚು ವೈಜ್ಞಾನಿಕವಾಗಿ ಕಂಡಿತು.

ಅದೇ ವಾರ ನನ್ನನ್ನು ಒಂದು ಪಂದ್ಯಾಟಕ್ಕೆ ಮುಖ್ಯ ಅತಿಥಿಯಾಗಿ ಕರೆದರು. ಕರಾವಳಿಯವರು ನಾಲ್ಕು ಜನ ಎಲ್ಲಿ ಸೇರಿದರೂ ಅಲ್ಲೊಂದು ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟ, ಒಬ್ಬ ಮುಖ್ಯ ಅತಿಥಿ, ಒಂದು ಧ್ವನಿವರ್ಧಕ ಇರಲೇಬೇಕು. ನಮ್ಮ ಊರ ಕಡೆಯ ಈ ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪಿಚ್ ಗಿಡ್ಡ, ಟೆನ್ನಿಸ್ ಚೆಂಡು, ಬೌಲರ್ ಕೈಯನ್ನು ಸೊಂಟದಿಂದ ಮೇಲೆ ಎತ್ತುವಂತಿಲ್ಲ. ಕೆಳಗಿನಿಂದಲೇ ಮಣಿಕಟ್ಟು ತಿರುಗಿಸಿ ಬೀಸಬೇಕು. ಕೇಳಿದರೆ ಮಕ್ಕಳಾಟ, ಎದುರಿಗೆ ಬ್ಯಾಟ್ ಹಿಡಿದು ನಿಂತರೆ ಅಲ್ಲ. ಸುವೈಕ್‌ನ ಹೊರಗೆ ಸಮುದ್ರಕ್ಕೆ ಹತ್ತಿರದ ಗಟ್ಟಿ ಮರಳಿನ ಬಯಲಲ್ಲಿ, ಡಿಸೆಂಬರ್ ಕೊನೆಯಿಂದ ಪ್ರತಿ ಶುಕ್ರವಾರ ಬೆಳಗ್ಗೆ, ಜುಮಾ ನಮಾಜಿಗೆ ಮೊದಲು ಮುಗಿಸುವ ಲೆಕ್ಕದಲ್ಲಿ ಅದು ನಡೆಯುತ್ತಿತ್ತು. ಹೂಮಾಲೆ ಸಿಗದ್ದರಿಂದ ನನಗೆ ಪ್ಲಾಸ್ಟಿಕ್ ಮಾಲೆ ಹಾಕಿ, ಸಮುದ್ರದ ಕಡೆಗೆ ಮುಖಮಾಡಿ ಕೂರಿಸಿದರು.

ಸಮುದ್ರ ಆಕಾಶ ಎರಡೂ ಒಂದೇ ಹಾಲಿನ ಬಣ್ಣ. ಅದರ ಮುಂದೆ ಒಬ್ಬ ಹುಡುಗ ನಾಲ್ಕೇ ಹೆಜ್ಜೆ ಇಟ್ಟು ಬಂದು, ಬಾಗಿ, ನೀರಲ್ಲಿ ಕೈ ಆಡಿಸಿದ ಹಾಗೆ ತೋಳನ್ನು ಬೀಸಿದ. ಚೆಂಡು ಸದ್ದಿಲ್ಲದೆ ಹೋಗಿ ನಡುವಿನ ಕೋಲನ್ನು ಒಯ್ದಿತು. ಕೋಲಿನ ಹಿಂದೆ ಲುಂಗಿ ಮಡಚಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದ ನಡುಹರೆಯದ ಮನುಷ್ಯ ಎರಡೂ ಕೈ ಎತ್ತಿ ಕುಣಿದ. ಮುಂದಿನ ಚೆಂಡಿಗೆ ಅವನು ನೆಲದ ಮೇಲೆ ಎರಡು ಬೆರಳು ತಟ್ಟಿದ. ಹುಡುಗ ತಲೆಯಾಡಿಸಿ ಅಲ್ಲಿಗೇ ಹಾಕಿದ. ಇಬ್ಬರೂ ಒಂದು ಮಾತೂ ಆಡಲಿಲ್ಲ. ನಾನು ಎಷ್ಟೋ ಹೊತ್ತು ಮಾಲೆ ಹಾಕಿಕೊಂಡು ಮೈಮರೆತು ನೋಡಿದೆ. ಆ ಹುಡುಗ ಇರ್ಫಾನ್ ಎಂದೂ, ಹಿಂದಿರುವವರು ಅವನ ತಂದೆ ಎಂದೂ, ನನ್ನ ಶನಿವಾರದ ಕಾಯಿಲೆ ಇದೇ ಎಂದೂ ಹೊಳೆಯುವಾಗ ಅವರು ಪಂದ್ಯ ಗೆದ್ದಾಗಿತ್ತು. ಒಂದು ಬೆಳಗ್ಗೆ ಪೂರ್ತಿ ಕೆಳಗಿನಿಂದ ಬೀಸಿದ ತೋಳು ಮರುದಿನ ಮೇಲಕ್ಕೆ ಹೇಗೆ ಏರಬೇಕು?

ಬಿರಿಯಾನಿಗೆ ಮೊದಲು ಹಮೀದರನ್ನು ಬದಿಗೆ ಕರೆದೆ. ಲೋಕಾಭಿರಾಮವೆಲ್ಲ ತುಳುವಿನಲ್ಲಿ ಆಯಿತು. ನಾನು ಕೆಂಪು ಬಣ್ಣದ ವಿಷಯ ತೆಗೆದ ಕೂಡಲೇ ಅವರು ಕನ್ನಡಕ್ಕೆ ಬಂದರು. ಗಂಭೀರ ಸಂಗತಿಗೆ ಕನ್ನಡ ಬಳಸುವುದು ನಮ್ಮ ಕಡೆಯ ರೂಢಿ.

"ಹಾಗಾದ್ರೆ ನಾಳೆ ಇನ್ನೊಂದು ಕೆಂಪು ಬಿದ್ರೆ ಇವ ಔಟಾ ಮಾಷ್ಟ್ರೇ?"

"ಹೌದು. ಶುಕ್ರವಾರದ ಆಟ ಒಂದು ಎರಡು ತಿಂಗಳು ಬಿಟ್ರೆ ತೋಳು ಸರಿಯಾಗ್ತದೆ."

ಹಮೀದ್ ಕಾಲಲ್ಲಿ ಮರಳು ಕೆದಕಿದರು. "ಬಿಡಿಸಬಹುದು. ಆದ್ರೆ ಒಂದು ವಿಷಯ ಹೇಳ್ತೇನೆ, ನಗಬೇಡಿ. ಇವ ಸಣ್ಣದಿರುವಾಗ ನಾನು ಇಲ್ಲಿ, ಇವ ಅಲ್ಲಿ. ಎರಡು ವರ್ಷಕ್ಕೊಮ್ಮೆ ಹೋದ್ರೆ ಹೆದರಿ ಅಡುಗೆಮನೆಗೆ ಓಡ್ತಿದ್ದ. ಈಗ ಬರ್ತಾನೆ, ನಾನು 'ಊಟ ಆಯ್ತಾ' ಕೇಳ್ತೇನೆ, ಅವ 'ಆಯ್ತು' ಹೇಳ್ತಾನೆ. ಖಲಾಸ್, ಮಾತು ಮುಗೀತು. ಈ ಆಟದಲ್ಲಿ ಮಾತ್ರ ನಾನು ಬೆರಳು ತೋರಿಸಿದಲ್ಲಿಗೆ ಹಾಕ್ತಾನೆ ನೋಡಿ."

ನಾನು ನಗಲಿಲ್ಲ. ನಗುವ ಬದಲು ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಕ್ರಿಕೆಟ್ಟಿನ ಕಾನೂನು. ಮುಖ್ಯ ಅತಿಥಿಯ ಗತ್ತಿನಲ್ಲಿ ಹೇಳಿದೆ: ನಿಜವಾದ ಕ್ರಿಕೆಟ್ಟಿನಲ್ಲೂ ಅಂಡರ್‌ಆರ್ಮ್ ಪೂರ್ತಿ ನಿಷಿದ್ಧವಲ್ಲ, ಪಂದ್ಯಕ್ಕೆ ಮೊದಲೇ ಎರಡು ತಂಡದವರೂ ವಿಶೇಷವಾಗಿ ಒಪ್ಪಿಕೊಂಡಿದ್ದರೆ ಹಾಕಬಹುದು, ಆದರೆ ಚೆಂಡು ಒಂದಕ್ಕಿಂತ ಹೆಚ್ಚು ಸಲ ಪುಟಿಯಬಾರದು.

ಹಮೀದ್ ನನ್ನ ಮುಖವನ್ನೇ ನೋಡಿದರು. "ಒಪ್ಪಿಕೊಂಡ್ರೆ ಹಾಕ್ಲಿಕ್ಕುಂಟಾ?"

"ಕಾನೂನಲ್ಲಿ ಉಂಟು. ಯಾರು ಒಪ್ತಾರೆ ಮಾರಾಯ್ರೆ?"

"ಅದು ನೀವು ನೋಡಿಕೊಳ್ಳಿ. ಚೆಂಡು ನಾವು ನೋಡಿಕೊಳ್ತೇವೆ."

ಅತಿಥಿಗಳು ಊಟ ಮಾಡುವಾಗ ತಂದೆ ಮಗ ಸಮುದ್ರದ ಬದಿಗೆ ಹೋದರು. ಪೂರ್ತಿ ಉದ್ದದ ಪಿಚ್ಚಿಗೆ ಹೆಜ್ಜೆ ಅಳೆದು, ಚಪ್ಪಲಿಗಳನ್ನು ಸ್ಟಂಪಿನ ಜಾಗದಲ್ಲಿಟ್ಟು, ಇರ್ಫಾನನ ಬ್ಯಾಗಿನ ಚರ್ಮದ ಚೆಂಡನ್ನು ತೆಗೆದರು. ದೂರದಿಂದ ನೋಡಿದರೆ ಇಬ್ಬರೂ ನೀರಿನ ಮೇಲೆಯೇ ನಿಂತ ಹಾಗೆ ಕಾಣುತ್ತಿತ್ತು. ಮೊದಲೆಲ್ಲ ಚೆಂಡು ಎರಡು ಸಲ, ಮೂರು ಸಲ ಕುಪ್ಪಳಿಸಿ ತಲುಪಿತು. ನನ್ನ ತಟ್ಟೆಯಲ್ಲಿ ಬಿರಿಯಾನಿ ತಣಿಯುವ ಹೊತ್ತಿಗೆ ಒಂದೇ ಸಲ ನೆಲ ಮುಟ್ಟಿ ಸರ್ರನೆ ಜಾರತೊಡಗಿತು.

ಮರುದಿನದ ಪಂದ್ಯ ರುಸ್ತಾಕ್ ಕಡೆಯ ಕಾಲೇಜಿನ ಮೇಲೆ. ಬೆಳಗ್ಗೆ ಇರ್ಫಾನನ ತೋಳು ನೋಡಿದೆ. ಮೂರು ಗಂಟೆ ತೋರಿಸುತ್ತಿತ್ತು. ನಿಶಾಂತನಿಗೆ ವಿಷಯ ಹೇಳಿದಾಗ ಅವನು, "ಲವ್ ಅಲ್ವಾ ಸರ್?" ಎಂದು ಬೇಜಾರುಮಾಡಿಕೊಂಡು ಟಾಸಿಗೆ ಹೋದ. ಎದುರಾಳಿ ಕ್ಯಾಪ್ಟನ್ ಸಾಜಿದ್, ಲಾಹೋರ್ ಕಡೆಯ ದೊಡ್ಡ ಆಸಾಮಿ. ನಮ್ಮ ಬೌಲರನೊಬ್ಬ ಅಂಡರ್‌ಆರ್ಮ್ ಹಾಕಬಹುದೇ ಎಂದು ಕೇಳಿದಾಗ ಅವನು ನಿಶಾಂತನ ಹೆಗಲ ಮೇಲೆ ಕೈಯಿಟ್ಟು ಮನಸಾರೆ ನಕ್ಕ.

"ಅರೆ ಭಾಯಿ, ಅಂಡರ್‌ಆರ್ಮ್ ಏನು, ಬೇಕಾದರೆ ಲೂಡೋ ಕೂಡ ಆಡೋಣ" ಎಂದು ಉರ್ದುವಿನಲ್ಲಿ ಹೇಳಿದ. ಅಂಪೈರ್ ವಾರವಿಡೀ ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಕಾನೂನಿನ ಪುಸ್ತಕ ತೆರೆದು, ಸಂಬಂಧಪಟ್ಟ ಸಾಲನ್ನು ತುಟಿ ಅಲ್ಲಾಡಿಸುತ್ತ ಎರಡು ಬಾರಿ ಓದಿ, "ಒಪ್ಪಂದ ಆಗಿದೆ" ಎಂದು ಮದುವೆಯ ಸಾಕ್ಷಿಯಂತೆ ಘೋಷಿಸಿದ.

ನಾವು ಮೊದಲು ಆಡಿ ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಅವರ ಸರದಿ ಬಂದಾಗ ಹಮೀದ್ ಬಂದು ಸೇರಿದರು. ಶನಿವಾರ ಅಂಗಡಿ ಮುಚ್ಚಿ ಬಂದಿದ್ದರು. ಡೀನ್ ಸಾಹೇಬರೂ ಬಂದು ನನ್ನ ಪಕ್ಕ ಕೂತರು. ಅಂಪೈರ್ ಬ್ಯಾಟ್ಸ್‌ಮನ್‌ಗೆ ಗಂಭೀರವಾಗಿ, "ಬಲಗೈ, ಅಂಡರ್‌ಆರ್ಮ್" ಎಂದು ತಿಳಿಸಿದ. ಎದುರಾಳಿಗಳ ಗುಡಾರದಿಂದ ಶಿಳ್ಳೆ ಬಂತು. ಒಬ್ಬ ಕೋಳಿಯಂತೆ ಕೂಗಿದ. ಇರ್ಫಾನನ ಮೊದಲ ಚೆಂಡು ಎರಡು ಸಲ ಪುಟಿಯಿತು. ನೋಬಾಲ್. ಶಿಳ್ಳೆ ಹೆಚ್ಚಾಯಿತು.

ನಾನು ಕಣ್ಣು ಮುಚ್ಚಿದೆ. ಮುಂದಿನ ಚೆಂಡಿಗೆ ದಿಂಬಿನ ಸದ್ದೂ ಇರಲಿಲ್ಲ, ಸಿಮೆಂಟಿನ ಸದ್ದೂ ಇರಲಿಲ್ಲ. ರೇಷ್ಮೆಯ ಮೇಲೆ ಅಂಗೈ ಸವರಿದ ಹಾಗೆ ಏನೋ ಕೇಳಿತು, ಆಮೇಲೆ ಮರ ಮುರಿದ ಸದ್ದು. ಆದರೆ ಅದು ನೋಬಾಲ್ ನಂತರದ ಫ್ರೀ ಹಿಟ್, ಔಟ್ ಇಲ್ಲ. ಅದರ ಮುಂದಿನದಕ್ಕೂ ಅದೇ ಸದ್ದು. ಈ ಸಲ ಔಟ್. ಕಣ್ಣು ತೆರೆದರೆ ಶಿಳ್ಳೆ ನಿಂತಿತ್ತು. ಬೌಂಡರಿಯ ಹೊರಗೆ, ನಿಶಾಂತನ ನೇರ ಹಿಂದೆ, ಹಮೀದ್ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಪ್ರತಿ ಚೆಂಡಿಗೂ ಮಣ್ಣಿನ ಮೇಲೆ ಬೆರಳು ತಟ್ಟುತ್ತಿದ್ದರು. ಅಷ್ಟು ದೂರದಿಂದ ಇರ್ಫಾನನಿಗೆ ಆ ಬೆರಳು ಕಾಣುವುದು ಸಾಧ್ಯವೇ ಇಲ್ಲ. ಆದರೂ ಅವನು ಓಡುವ ಮೊದಲು ಒಮ್ಮೆ ಅತ್ತ ನೋಡಿ ತಲೆಯಾಡಿಸುತ್ತಿದ್ದ. ಒಂದು ವಿಮಾನ ಇಳಿಯಿತು, ಎಲ್ಲರೂ ಕತ್ತೆತ್ತಿ ನಿಂತರು; ಆ ಇಬ್ಬರು ಮಾತ್ರ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಮೂರು ವಿಕೆಟ್ ಬಿತ್ತು. ಆಮೇಲೆ ಸಾಜಿದ್ ಬಂದ. ಅವನು ಲೂಡೋ ಆಡುವವನಲ್ಲ. ಒಂದೆರಡು ಚೆಂಡು ನೋಡಿ, ಮಂಡಿಯೂರಿ ಕೂತು, ಪೊರಕೆಯಲ್ಲಿ ಗುಡಿಸಿದ ಹಾಗೆ ಎಲ್ಲವನ್ನೂ ಬೌಂಡರಿಯಾಚೆ ಗುಡಿಸಿದ. ಪಂದ್ಯ ಅವರದ್ದಾಯಿತು. ಹೋಗುವಾಗ ಅವನೇ ಇರ್ಫಾನನನ್ನು ಹುಡುಕಿಕೊಂಡು ಬಂದು ಮಣಿಕಟ್ಟನ್ನು ಹಿಡಿದು ತಿರುಗಿಸಿ ನೋಡಿ, "ಇದನ್ನು ಎಲ್ಲಿ ಕಲಿತೆ?" ಎಂದ. ಇರ್ಫಾನ್ ತಂದೆಯ ಕಡೆ ಗಲ್ಲ ತೋರಿಸಿದ.

ಡೀನ್ ಸಾಹೇಬರು ಕೇಳಿದರು: "ಉಸ್ತಾದ್, ಈ ಹುಡುಗನಿಗೆ ಬಣ್ಣ?"

"ಹಸಿರು."

"ಮುಂದಿನ ಶನಿವಾರದ ತಂಡವೂ ಒಪ್ಪುತ್ತದೆಯೇ?"

ಅದಕ್ಕೆ ಉತ್ತರ ಸಂಜೆಯೊಳಗೆ ಬಂತು. ಸುದ್ದಿ ಹಬ್ಬಿತ್ತು. ಉಳಿದ ಕಾಲೇಜುಗಳ ಕ್ಯಾಪ್ಟನ್‌ಗಳು ಒಬ್ಬೊಬ್ಬರಾಗಿ ನಿಶಾಂತನಿಗೆ ಫೋನ್ ಮಾಡಿ, ತಾವು ಯಾವ ಒಪ್ಪಂದಕ್ಕೂ ಬರುವುದಿಲ್ಲ ಎಂದರು. ನಾನು ತಂದೆ ಮಗನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕರಕ್ ಚಹಾ ಕೊಡಿಸಿ ವಿಷಯ ತಿಳಿಸಿದೆ. ಈ ಹಸಿರಿನಿಂದ ಹಳೆಯ ಕೆಂಪು ಅಳಿಸಿತು, ತಂಡದಲ್ಲಿ ಜಾಗ ಉಂಟು. ಆದರೆ ಇನ್ನು ಮೇಲಿನಿಂದಲೇ ಹಾಕಬೇಕು, ಅದಕ್ಕೆ ಶುಕ್ರವಾರದ ಆಟ ಬಿಡಬೇಕು ಎಂದೆ.

ಹಮೀದ್ ತಡಮಾಡದೆ ಮಗನಿಗೆ ಹೇಳಿದರು: "ಬಿಡು ಮೋನೇ. ಕಾಲೇಜು ತಂಡ ಎಂದ್ರೆ ಸಣ್ಣ ವಿಷಯ ಅಲ್ಲ. ಶುಕ್ರವಾರ ನಾನು ಬೇರೆ ಯಾರನ್ನಾದ್ರೂ ಹಾಕಿಸ್ತೇನೆ."

"ಯಾರನ್ನು?"

"ಯಾರನ್ನಾದ್ರೂ. ಆ ಕೋಳಿ ಅಂಗಡಿಯ ರಫೀಕ್ ಇಲ್ವಾ?"

"ರಫೀಕಾಕನಾ? ಅವರು ಓಡ್ಲಿಕ್ಕೆ ಹೋದ್ರೆ ಹೊಟ್ಟೆ ಮೊದಲು ತಲುಪ್ತದೆ ಉಪ್ಪ" ಎಂದು ಇರ್ಫಾನ್ ತಂದೆಗೆ ಹೇಳಿದ.

ಹಮೀದ್ ನಕ್ಕರು. ನಗು ಮುಗಿದ ಮೇಲೆ ಇರ್ಫಾನ್ ಗ್ಲಾಸಿನೊಳಗೆ ನೋಡುತ್ತ, ಇಡೀ ಋತುವಿನಲ್ಲಿ ನನ್ನ ಜೊತೆ ಆಡಿದ ಅತಿ ಉದ್ದದ ಮಾತನ್ನು ಆಡಿದ: "ಸರ್, ನೀವು ಮೇಲಿನಿಂದ ಹಾಕ್ಲಿಕ್ಕೆ ಹೇಳಿದಲ್ಲಿಗೆ ಚೆಂಡು ಹೋಗುದಿಲ್ಲ. ಇವರು ಹೇಳಿದಲ್ಲಿಗೆ ಹೋಗ್ತದೆ."

ಹಮೀದ್ ಚಹಾ ಆರಿದೆ ಎಂದು ಇನ್ನೊಂದು ತರಲು ಎದ್ದುಹೋದರು. ಕೌಂಟರಿನ ಹತ್ತಿರ ನಮಗೆ ಬೆನ್ನು ಹಾಕಿ ತುಂಬಾ ಹೊತ್ತು ನಿಂತಿದ್ದರು. ಹೊರಗೆ ಸಂಜೆಯ ಬಾಂಗ್ ಕೇಳುತ್ತಿತ್ತು, ಮೈದಾನದ ಮೇಲೆ ಮತ್ತೆ ಮಬ್ಬು ಇಳಿಯುತ್ತಿತ್ತು.

ಇರ್ಫಾನ್ ಮರುದಿನ ತಂಡ ಬಿಟ್ಟ, ಶುಕ್ರವಾರದ ಆಟ ಬಿಡಲಿಲ್ಲ. ಅವನ ಜಾಗಕ್ಕೆ ಕಾಯ್ದಿರಿಸಿದ ಬೌಲರನನ್ನು ತೆಗೆದುಕೊಂಡೆವು. ಆ ವರ್ಷ ನಮ್ಮ ಕಾಲೇಜು ಲೀಗಿನಲ್ಲಿ ಕೊನೆಯಿಂದ ಎರಡನೆಯ ಸ್ಥಾನ ಪಡೆಯಿತು.